ಗ್ಯಾಲಕ್ಸಿಗಳಿಗೂ ಜಲಾನಯನ ಉಂಟೇ?

ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲೆ ನಿಂತು ಯೋಚಿಸಿ. ದಿಣ್ಣೆಯ ಈಚೆ ಮಗ್ಗುಲಿಗೆ ಬಿದ್ದ ಮಳೆನೀರು ಹಳ್ಳ ಹಿಡಿದು ಈ ಕೆರೆಗೆ ಬರುತ್ತದೆ. ಆಚೆ ಮಗ್ಗುಲಿಗೆ ಬಿದ್ದದ್ದು ಬೇರೊಂದು ಕೆರೆಗೆ. ನೀರು ಹರಿಯುವ ದಿಕ್ಕೇ ಜಲಾನಯನದ ಗಡಿಯನ್ನು ಗೊತ್ತುಮಾಡುತ್ತದೆ.

ಗ್ಯಾಲಕ್ಸಿಗಳ ಗಡಿಯನ್ನೂ ಹೀಗೆಯೇ ಗುರುತಿಸಬಹುದು. ಅಲ್ಲಿ ಇಳಿಜಾರಿನ ಕೆಲಸ ಮಾಡುವುದು ಗುರುತ್ವ. 2014ರಲ್ಲಿ ಬ್ರೆಂಟ್ ಟಲ್ಲಿ ಮತ್ತು ಸಂಗಡಿಗರು ಗ್ಯಾಲಕ್ಸಿಗಳ ವೇಗದಿಂದ ವಿಶ್ವದ ಹಿಗ್ಗುವಿಕೆಯ ಪಾಲನ್ನು ಕಳೆದರು. ಉಳಿದದ್ದು ಗುರುತ್ವದ ಸೆಳೆತದಿಂದ ಬಂದ ಚಲನೆ. ಒಂದೇ ಕಡೆಗೆ ಸರಿಯುವ ಗ್ಯಾಲಕ್ಸಿಗಳೆಲ್ಲ ಒಂದು ಮಹಾಗುಚ್ಛ. ನಮ್ಮ ಆಕಾಶಗಂಗೆಯಿರುವ ಮಹಾಗುಚ್ಛಕ್ಕೆ ‘ಲನಿಯಾಕಿಯಾ’ ಎಂದು ಹೆಸರಿಟ್ಟರು. ಅದರಲ್ಲಿ ಸುಮಾರು ಒಂದು ಲಕ್ಷ ಗ್ಯಾಲಕ್ಸಿಗಳಿವೆ. ಅಗಲ ಸುಮಾರು 50 ಕೋಟಿ ಜ್ಯೋತಿರ್ವರ್ಷ.

2017ರಲ್ಲಿ ಪುಣೆಯ ಐಯುಕಾ ಸಂಸ್ಥೆಯ ಜಾಯ್‌ದೀಪ್ ಬಾಗ್ಚಿ ಮತ್ತು ಸಂಗಡಿಗರು ಮೀನರಾಶಿಯ ದಿಕ್ಕಿನಲ್ಲಿ ಇನ್ನೊಂದು ಮಹಾಗುಚ್ಛವನ್ನು ಕಂಡರು. ಹೆಸರು ‘ಸರಸ್ವತಿ’. ದೂರ ಸುಮಾರು 400 ಕೋಟಿ ಜ್ಯೋತಿರ್ವರ್ಷ. ಅಂದರೆ ಇಂದು ಕಾಣುವ ಅದರ ಬೆಳಕು ಹೊರಟಾಗ ನಮ್ಮ ಭೂಮಿ ಇನ್ನೂ ಎಳೆಯದು. ಇಂಥ ಮಹಾಗುಚ್ಛಗಳು ಎಳೆಗಳಾಗಿ ಹೆಣೆದುಕೊಂಡಿವೆ. ನಡುನಡುವೆ ವಿಶಾಲವಾದ ಬರಿದು ಪ್ರದೇಶಗಳು. ಸೋಪಿನ ನೊರೆಯನ್ನು ನೆನೆಯಿರಿ.

ಆದರೆ ಒಂದು ವ್ಯತ್ಯಾಸವುಂಟು. ಹಳ್ಳದ ನೀರು ಕೆರೆಯನ್ನು ಮುಟ್ಟುತ್ತದೆ. ಲನಿಯಾಕಿಯಾದ ಬಹುಪಾಲು ಗ್ಯಾಲಕ್ಸಿಗಳು ತಮ್ಮ ‘ಕೆರೆ’ಯನ್ನು ಮುಟ್ಟಲಾರವು. ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಲೇ ಇರುವುದರಿಂದ ಅವು ಚದುರಿಹೋಗುತ್ತವೆ. ಹತ್ತಿರದ ಆಂಡ್ರೊಮಿಡಾ ಗ್ಯಾಲಕ್ಸಿಯಂಥ ಕೆಲವು ಮಾತ್ರ ನಮ್ಮೊಡನೆ ಉಳಿದಾವು.

ಕಾರ್ತಿಕದ ರಾತ್ರಿ ಎಂಟರ ಹೊತ್ತಿಗೆ ಏರಿಯಿಂದ ನೆತ್ತಿಯತ್ತ ನೋಡಿ. ಸರಸ್ವತಿ ಬರಿಗಣ್ಣಿಗೆ ಕಾಣಿಸದು. ಆದರೆ ನೀವು ನೋಡುತ್ತಿರುವುದು ಅದರ ದಿಕ್ಕನ್ನೇ.