ಅರೆತಲೆನೋವು ಮತ್ತು ಉದ್ಯೋಗಜೀವನ

(ಕೂಟದ ಯುಗಾದಿ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಸಾಹಿತಿಗಳೂ ಸಂಗೀತ ವಿದ್ವಾಂಸರೂ ನಿಂತು ಮಾತನಾಡಿದ ಈ ವೇದಿಕೆಯಲ್ಲಿ ತಲೆನೋವಿನ ವಿಷಯವನ್ನೆತ್ತಿಕೊಂಡು ನಿಂತಿರುವ ನನ್ನನ್ನು ಕಂಡು ಕೆಲವರಿಗೆ ನಗು ಬಂದರೆ ಅದು ಸಹಜವೇ. ನಾನು ವೈದ್ಯೆಯಲ್ಲ. 1996ರಲ್ಲಿ ಈ ದೇಶಕ್ಕೆ ಬಂದು, 2022ರಲ್ಲಿ ನಿವೃತ್ತಳಾಗುವವರೆಗೆ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ದುಡಿದವಳು. ಆ ಅವಧಿಯ ಬಹುಭಾಗವನ್ನು ಮೈಗ್ರೇನ್ ಎಂಬ ಅರೆತಲೆನೋವಿನೊಡನೆ ಕಳೆದೆ. ಅದರಲ್ಲಿ ಮೊದಲ ಹನ್ನೆರಡು ವರ್ಷ ಅದನ್ನು ಎಲ್ಲರಿಂದಲೂ ಮುಚ್ಚಿಟ್ಟೆ. ಹಾಗೆ ಮುಚ್ಚಿಟ್ಟದ್ದರಿಂದಲೇ ನನ್ನ ಕಾಯಿಲೆ ಬಲಿಯಿತೆಂಬುದು ನನಗೆ ತಡವಾಗಿ ತಿಳಿಯಿತು. ಈ ಸಭೆಯಲ್ಲಿ ಅದೇ ತಪ್ಪನ್ನು ಇಂದೂ ಮಾಡುತ್ತಿರುವವರು ಇದ್ದಾರೆಂಬ ನಂಬಿಕೆಯಿಂದ ಮಾತನಾಡಲು ಒಪ್ಪಿಕೊಂಡೆ.

ಹಳೆಯ ನೋವು

ಮೈಗ್ರೇನ್ ಎಂಬುದು ವಿದೇಶಕ್ಕೆ ಬಂದ ಮೇಲೆ ನಮಗೆ ಅಂಟಿಕೊಂಡ ಕಾಯಿಲೆಯಲ್ಲ. ಸುಶ್ರುತ ಸಂಹಿತೆಯಲ್ಲಿ ‘ಅರ್ಧಾವಭೇದಕ’ವೆಂಬ ಶಿರೋರೋಗದ ವಿವರಣೆಯಿದೆ. ಮೈಗ್ರೇನ್ ಎಂಬ ಪದವೂ ‘ಅರ್ಧ ತಲೆಬುರುಡೆ’ ಎಂಬರ್ಥದ ‘ಹೆಮಿಕ್ರೇನಿಯಾ’ ಎಂಬ ಗ್ರೀಕ್ ಶಬ್ದದಿಂದ ಬಂದದ್ದು. ನಮ್ಮ ಹಿರಿಯರು ಅದನ್ನೇ ಅರೆತಲೆನೋವು ಎಂದರು. ನೋವು ಎರಡೂ ಪಾರ್ಶ್ವಗಳಿಗೆ ಬರುವುದೂ ಉಂಟು.

ಹಾಸನ ಜಿಲ್ಲೆಯ ನಮ್ಮ ಮನೆಯಲ್ಲಿ ಅಮ್ಮ ತಿಂಗಳಿಗೆ ಎರಡು ಬಾರಿಯಾದರೂ ಹಣೆಗೆ ಗಂಧ, ಶುಂಠಿ ತೇಯ್ದು ಹಚ್ಚಿಕೊಂಡು ಕತ್ತಲೆ ಕೋಣೆಯಲ್ಲಿ ಮಲಗಿರುತ್ತಿದ್ದರು. ಸಂಜೆಯಾದರೆ ಎದ್ದು ಒಲೆಯ ಮುಂದೆ ನಿಲ್ಲುತ್ತಿದ್ದರು. ಅದೊಂದು ಕಾಯಿಲೆಯೆಂದು ಮನೆಯಲ್ಲಿ ಯಾರೂ ತಿಳಿಯಲಿಲ್ಲ, ಅವರೂ ತಿಳಿಯಲಿಲ್ಲ. ಬೆಂಗಳೂರು ನಗರ ಹಾಗೂ ಗ್ರಾಮಾಂತರ ಪ್ರದೇಶಗಳಲ್ಲಿ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ವಿದೇಶೀ ಸಂಶೋಧಕರೊಡನೆ ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಒಂದು ವರ್ಷದ ಅವಧಿಯಲ್ಲಿ ವಯಸ್ಕರಲ್ಲಿ ಸುಮಾರು ಶೇಕಡಾ 25ರಷ್ಟು ಮಂದಿಗೆ ಮೈಗ್ರೇನ್ ಬಂದಿತ್ತು. ಪುರುಷರಿಗಿಂತ ಸ್ತ್ರೀಯರಲ್ಲಿ ಅದು ಹೆಚ್ಚಾಗಿತ್ತು. ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಹೆಚ್ಚಾಗಿತ್ತು. ಅಂದರೆ ಅಮ್ಮನಂಥವರು ಊರೂರಿನಲ್ಲಿಯೂ ಇದ್ದರು. ಈ ಕಾಯಿಲೆ ವಂಶದಲ್ಲಿ ಹರಿದು ಬರುವಂಥದು. ನನಗೆ ಹದಿನೈದನೆಯ ವಯಸ್ಸಿನಲ್ಲಿ ಆರಂಭವಾಯಿತು.

ಮಿದುಳಿನಲ್ಲಿ ನಡೆಯುವುದೇನು?

ಚಿಕಿತ್ಸೆಯಿಲ್ಲದೆ ಬಿಟ್ಟರೆ ಮೈಗ್ರೇನಿನ ನೋವು 4ರಿಂದ 72 ಗಂಟೆಗಳವರೆಗೆ ಇರುತ್ತದೆ. ನಾಡಿ ಮಿಡಿದಂತೆ ಸಿಡಿಯುತ್ತದೆ, ಮೆಟ್ಟಿಲು ಹತ್ತಿದರೂ ಹೆಚ್ಚುತ್ತದೆ, ವಾಕರಿಕೆ ತರುತ್ತದೆ, ಬೆಳಕು, ಸದ್ದುಗಳನ್ನು ಸಹಿಸಗೊಡುವುದಿಲ್ಲ. ನೋವಿಗೆ ಕೆಲವು ಗಂಟೆಗಳ, ಕೆಲವೊಮ್ಮೆ ಒಂದೆರಡು ದಿನಗಳ ಮುಂಚೆಯೇ ಆಕಳಿಕೆ, ಕತ್ತಿನ ಬಿಗಿತ, ಕಿರಿಕಿರಿ ಕಾಣಿಸಿಕೊಳ್ಳಬಹುದು. ಕೆಲವರಿಗೆ ‘ಆರಾ’ ಎಂಬ ಅವಸ್ಥೆಯಲ್ಲಿ ಕಣ್ಣ ಮುಂದೆ ಅಂಕುಡೊಂಕಾದ ಮಿಂಚಿನ ಗೆರೆಗಳು ಮೂಡಿ, ದೃಷ್ಟಿಯ ಒಂದು ಭಾಗವೇ ಮಾಯವಾಗುತ್ತದೆ. ನೋವು ನಿಂತ ಮೇಲೂ ಒಂದು ದಿನ ಜ್ವರ ಬಿಟ್ಟವರಂಥ ಬಳಲಿಕೆ ಉಳಿಯುತ್ತದೆ.

ರಕ್ತನಾಳಗಳು ಹಿಗ್ಗುವುದೇ ಇದಕ್ಕೆಲ್ಲ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಇಂದು ಇದನ್ನು ಮಿದುಳು ಮತ್ತು ನರಗಳ ಕಾಯಿಲೆಯೆಂದು ಪರಿಗಣಿಸಲಾಗಿದೆ. ಮುಖ ಹಾಗೂ ತಲೆಯ ಸಂವೇದನೆಗಳನ್ನು ಹೊರುವ ಟ್ರೈಜೆಮಿನಲ್ ನರದ ತುದಿಗಳು ಸಿ.ಜಿ.ಆರ್.ಪಿ. ಎಂಬ ಪೆಪ್ಟೈಡನ್ನು ಸೂಸಿ, ಮಿದುಳಿನ ಹೊದಿಕೆಯ ಸುತ್ತ ನೋವಿನ ಸಂದೇಶಗಳನ್ನು ತೀವ್ರಗೊಳಿಸುತ್ತವೆ. ಇದನ್ನು ಬಿಡಿಸಿ ತೋರಿಸಿದ ಲಾರ್ಸ್ ಎಡ್ವಿನ್ಸನ್, ಪೀಟರ್ ಗೋಡ್ಸ್‌ಬಿ, ಮೈಕೆಲ್ ಮೊಸ್ಕೊವಿಟ್ಜ್ ಮತ್ತು ಯೆಸ್ ಓಲೆಸೆನ್ ಎಂಬ ನಾಲ್ವರು ವಿಜ್ಞಾನಿಗಳಿಗೆ 2021ರ ಬ್ರೇನ್ ಪ್ರೈಜ್ ದೊರೆಯಿತು.

ಇಂಥ ಮಿದುಳು ಬದಲಾವಣೆಯನ್ನು ಸಹಿಸುವುದಿಲ್ಲ. ನಿದ್ದೆ ಹೆಚ್ಚುಕಡಿಮೆಯಾದರೆ, ಊಟ ತಪ್ಪಿದರೆ, ಋತುಚಕ್ರದ ದಿನಗಳು ಸಮೀಪಿಸಿದರೆ ಅದು ಕೆರಳುತ್ತದೆ. ನಮ್ಮ ಹೆಂಗಸರು ‘ತಲೆಗೆ ನೀರು ಹಾಕಿಕೊಂಡರೆ ತಲೆನೋವು’ ಎಂದಾಗ ನಾವು ನಕ್ಕಿದ್ದುಂಟು. ಮುಂಬಯಿಯ ವೈದ್ಯ ಕೆ. ರವಿಶಂಕರ್ ಅವರು ತಲೆಸ್ನಾನದಿಂದ ಮೈಗ್ರೇನ್ ಬರುವ 94 ಮಂದಿ ಭಾರತೀಯ ರೋಗಿಗಳ ವಿವರಗಳನ್ನು 2006ರಲ್ಲಿ ಅಂತರರಾಷ್ಟ್ರೀಯ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದಾರೆ. ಅಜ್ಜಿಯರ ಮಾತಿನಲ್ಲಿ ಹುರುಳಿತ್ತು.

ಮೇಜಿನ ಡ್ರಾಯರಿನ ಮಾತ್ರೆಗಳು

ಈಗ ನನ್ನ ಕಥೆಗೆ ಬರುತ್ತೇನೆ. 2008ರ ಹೊತ್ತಿಗೆ ನಾನು ಹದಿನೆಂಟು ಮಂದಿಯ ತಂಡವೊಂದರ ಮುಖ್ಯಸ್ಥೆ. ರಾತ್ರಿ ಹನ್ನೊಂದಕ್ಕೆ ಬೆಂಗಳೂರಿನ ತಂಡದೊಡನೆ ಫೋನ್ ಸಭೆ, ಬೆಳಿಗ್ಗೆ ಎಂಟಕ್ಕೆ ಇಲ್ಲಿಯ ಸಭೆ. ಮಧ್ಯಾಹ್ನದ ಊಟ ಎಂದರೆ ಕಾಫಿ. ಡ್ರಾಯರಿನಲ್ಲಿ ಅಂಗಡಿಯಿಂದ ತಂದ ಕೆಫೀನ್ ಬೆರೆತ ನೋವಿನ ಮಾತ್ರೆಗಳ ದೊಡ್ಡ ಬಾಟಲು. ನೋವು ಬರಬಹುದೆಂಬ ಭಯಕ್ಕೇ ಒಂದು ಮಾತ್ರೆ ನುಂಗುತ್ತಿದ್ದೆ. ಹೆಣ್ಣು, ಪರದೇಶದವಳು, ಅದರ ಮೇಲೆ ರೋಗಿಷ್ಠೆ ಎನಿಸಿಕೊಳ್ಳಬಾರದೆಂಬ ಹಟ.

ಒಂದು ದಿನ ಹಿರಿಯ ಅಧಿಕಾರಿಗಳ ಮುಂದೆ ವರದಿ ಒಪ್ಪಿಸುತ್ತಿದ್ದಾಗ ಆರಾ ಆರಂಭವಾಯಿತು. ತೆರೆಯ ಮೇಲಿನ ಅಂಕಿಗಳ ಎಡಭಾಗವೇ ಕಾಣದಾಯಿತು. ಕಂಡಷ್ಟನ್ನೇ ಓದಿದೆ; ಲಕ್ಷಗಳ ಲೆಕ್ಕ ಸಾವಿರಗಳಾಯಿತು. ನಾನು ಸಿದ್ಧತೆಯಿಲ್ಲದೆ ಬಂದೆನೆಂದು ಅವರು ಭಾವಿಸಿದರು. ನಾನು ಹಾಗೆಯೇ ಭಾವಿಸಲು ಬಿಟ್ಟೆ. ಕಾಯಿಲೆಯವಳೆನ್ನಿಸಿಕೊಳ್ಳುವುದಕ್ಕಿಂತ ಅಶ್ರದ್ಧೆಯವಳೆನ್ನಿಸಿಕೊಳ್ಳುವುದೇ ಲೇಸೆಂದು ನನಗೆ ಅಂದು ತೋರಿತ್ತು. ಆ ರಾತ್ರಿ ನಮ್ಮ ಯಜಮಾನರು ಬಲವಂತದಿಂದ ನರರೋಗ ತಜ್ಞರ ಭೇಟಿಗೆ ಸಮಯ ಗೊತ್ತುಮಾಡಿದರು.

ವೈದ್ಯರು ನೋವು ಎಷ್ಟೆಂದು ಕೇಳಲಿಲ್ಲ. ತಿಂಗಳಲ್ಲಿ ಎಷ್ಟು ದಿನ ಮಾತ್ರೆ ನುಂಗುತ್ತೀರಿ ಎಂದು ಕೇಳಿದರು. ‘ನೋವು ಬಂದಾಗ ಮಾತ್ರ’ ಎಂದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿದರು. ತಿಂಗಳ ಕೊನೆಗೆ ಎಣಿಸಿದರೆ 22 ದಿನ ಮಾತ್ರೆ. ತಲೆ ಪೂರ್ಣ ಹಗುರವಾಗಿದ್ದುದು ಮೂರೇ ದಿನ.

ತಿಂಗಳಿಗೆ 15 ಅಥವಾ ಹೆಚ್ಚು ದಿನ ತಲೆನೋವಿದ್ದು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನಿನ ಲಕ್ಷಣಗಳಿದ್ದು, ಇದು ಮೂರು ತಿಂಗಳಿಗೂ ಮಿಕ್ಕಿ ನಡೆದರೆ ಅದನ್ನು ದೀರ್ಘಕಾಲಿಕ ಮೈಗ್ರೇನ್ ಎನ್ನುತ್ತಾರೆ. ಅದಕ್ಕೊಂದು ದಾರಿ ನೋವಿನ ಮಾತ್ರೆಯೇ. ಸಾಮಾನ್ಯ ನೋವಿನ ಮಾತ್ರೆಗಳನ್ನು ತಿಂಗಳಿಗೆ 15 ದಿನ, ಮಿಶ್ರ ಮಾತ್ರೆಗಳನ್ನಾಗಲಿ ಟ್ರಿಪ್ಟಾನ್ ವರ್ಗದ ಔಷಧಗಳನ್ನಾಗಲಿ 10 ದಿನ ಅಥವಾ ಅದಕ್ಕಿಂತ ಹೆಚ್ಚು, ತಿಂಗಳುಗಟ್ಟಲೆ ತೆಗೆದುಕೊಂಡರೆ ಔಷಧದಿಂದಲೇ ತಲೆನೋವು ಉಂಟಾಗಬಹುದು. ನನ್ನ ಮಟ್ಟಿಗೆ ಅದೇ ಆಗಿತ್ತು. ದಯವಿಟ್ಟು ಈ 10 ಮತ್ತು 15 ಎಂಬ ಎರಡು ಸಂಖ್ಯೆಗಳನ್ನು ಮನೆಗೆ ಕೊಂಡೊಯ್ಯಿರಿ. ಊರಿನಿಂದ ಬರುವವರ ಕೈಯಲ್ಲಿ ತರಿಸಿಕೊಳ್ಳುವ ಮಾತ್ರೆಗಳೂ ಈ ಲೆಕ್ಕಕ್ಕೆ ಸೇರುತ್ತವೆ.

ಚಿಕಿತ್ಸೆಯ ದಾರಿ

ವೈದ್ಯರ ನಿಗಾದಲ್ಲಿ ಆ ಮಾತ್ರೆಗಳನ್ನು ಬಿಟ್ಟ ಮೊದಲ ಎರಡು ವಾರಗಳನ್ನು ನೆನೆಯಲು ಇಷ್ಟವಿಲ್ಲ. ಅನಂತರ ತಡೆಗಟ್ಟುವ ಔಷಧಗಳ ಸರದಿ. ರಕ್ತದೊತ್ತಡದ ಪ್ರೊಪ್ರನೊಲಾಲ್, ಅಪಸ್ಮಾರದ ಟೊಪಿರಮೇಟ್, ಖಿನ್ನತೆಯ ಅಮಿಟ್ರಿಪ್ಟಿಲಿನ್, ಹೀಗೆ ಬೇರೆ ಕಾಯಿಲೆಗಳಿಗಾಗಿ ಹುಟ್ಟಿದ ಔಷಧಗಳೇ ಬಹುಕಾಲ ಮೈಗ್ರೇನಿಗೆ ಆಸರೆಯಾಗಿದ್ದವು. ಟೊಪಿರಮೇಟ್ ಸೇವಿಸುವಾಗ ನನಗೆ ಪದಗಳೇ ಮರೆತುಹೋಗುತ್ತಿದ್ದವು; ಬಿಡಬೇಕಾಯಿತು. 2010ರಲ್ಲಿ ದೀರ್ಘಕಾಲಿಕ ಮೈಗ್ರೇನಿಗೆ ಬೊಟಾಕ್ಸ್ ಬಳಸಲು ಇಲ್ಲಿ ಅನುಮತಿ ದೊರೆಯಿತು. ಹನ್ನೆರಡು ವಾರಗಳಿಗೊಮ್ಮೆ ಹಣೆ, ತಲೆ, ಕತ್ತುಗಳಲ್ಲಿ 31 ಕಡೆ ಚುಚ್ಚುತ್ತಾರೆ. ಗೆಳತಿಯರು ನನ್ನ ಹಣೆಯ ಸುಕ್ಕು ಮಾಯವಾದುದನ್ನು ಮಾತ್ರ ಗಮನಿಸಿದರು! ನೋವಿನ ದಿನಗಳು ಸುಮಾರು ಅರ್ಧಕ್ಕಿಳಿದವು.

ಸಿ.ಜಿ.ಆರ್.ಪಿ.ಯನ್ನೇ ಗುರಿಯಾಗಿಸಿಕೊಂಡ ಮೊದಲ ತಡೆ ಚುಚ್ಚುಮದ್ದು, ಎರೆನುಮ್ಯಾಬ್, 2018ರಲ್ಲಿ ಬಂದಿತು. 2024ರಲ್ಲಿ ಅಮೆರಿಕನ್ ಹೆಡೇಕ್ ಸೊಸೈಟಿಯು ಇಂಥ ಔಷಧಗಳನ್ನು ಮೊದಲ ಹಂತದಲ್ಲಿಯೇ ಬಳಸಬಹುದೆಂದು ಅಭಿಪ್ರಾಯಪಟ್ಟಿದೆ. ಇವು ಎಲ್ಲರಿಗೂ ಫಲಿಸುವುದಿಲ್ಲ, ಬೆಲೆಯೂ ಹೆಚ್ಚು, ವಿಮಾ ಕಂಪನಿಯೊಡನೆ ಪತ್ರವ್ಯವಹಾರಕ್ಕೆ ಸಿದ್ಧರಿರಬೇಕು.

ಒಂದೆರಡು ಎಚ್ಚರಿಕೆಗಳು. ಹೃದಯದ ರಕ್ತನಾಳಗಳ ಕಾಯಿಲೆ ಇರುವವರಿಗೆ ಟ್ರಿಪ್ಟಾನ್ ಸಲ್ಲದು. ಹೃದ್ರೋಗ ಹೆಚ್ಚಾಗಿರುವ ನಮ್ಮ ಜನ ಇದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಆರಾ ಬರುವ ಹೆಣ್ಣುಮಕ್ಕಳು ಗರ್ಭನಿರೋಧಕ ಮಾತ್ರೆ ಆರಂಭಿಸುವ ಮೊದಲು ಅದನ್ನು ಹೇಳಲೇಬೇಕು. ಸಿಡಿಲು ಬಡಿದಂತೆ ಒಮ್ಮೆಲೇ ಬರುವ ನೋವು, ಜ್ವರದೊಡನೆ ಕತ್ತು ಬಿಗಿಯುವುದು, ಕೈಕಾಲಿನ ಬಲ ಕುಂದುವುದು, ಮಾತು ತೊದಲುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗತಕ್ಕದ್ದು. ಐವತ್ತರ ನಂತರ ಮೊದಲ ಬಾರಿಗೆ ತಲೆನೋವು ಶುರುವಾದರೆ ವೈದ್ಯರನ್ನು ಕಾಣಲು ತಡಮಾಡಬಾರದು.

ಕಚೇರಿಯಲ್ಲಿ ಹೇಳಿಕೊಂಡ ಮೇಲೆ

ಮಾತ್ರೆ ಬಿಡಲು ರಜೆ ಬೇಕಾಗಿತ್ತು, ಆದ್ದರಿಂದ ಹೇಳಲೇಬೇಕಾಯಿತು. 1993ರ ಕೌಟುಂಬಿಕ ಮತ್ತು ವೈದ್ಯಕೀಯ ರಜೆಯ ಕಾಯಿದೆಯ ಪ್ರಕಾರ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ವರ್ಷ ಪೂರೈಸಿ, ಹಿಂದಿನ ಹನ್ನೆರಡು ತಿಂಗಳಲ್ಲಿ 1,250 ಗಂಟೆ ದುಡಿದವರಿಗೆ ಸಾಮಾನ್ಯವಾಗಿ ವರ್ಷಕ್ಕೆ 12 ವಾರಗಳ ಸಂಬಳರಹಿತ ರಜೆಯುಂಟು. ಅದನ್ನು ದಿನಗಳಾಗಿ, ಗಂಟೆಗಳಾಗಿ ಒಡೆದು ಪಡೆಯಬಹುದೆಂಬುದು ನಮ್ಮಂಥವರಿಗೆ ದೊಡ್ಡ ಅನುಕೂಲ. 1990ರ ಅಂಗವಿಕಲರ ಹಕ್ಕುಗಳ ಕಾಯಿದೆಗೆ 2008ರಲ್ಲಿ ಆದ ತಿದ್ದುಪಡಿಯು, ಬಂದು ಹೋಗುವ ಕಾಯಿಲೆಯೂ ಅದು ಬಾಧಿಸುವಾಗ ವ್ಯಕ್ತಿಯನ್ನು ಗಣನೀಯವಾಗಿ ನಿರ್ಬಂಧಿಸುವುದಾದರೆ ರಕ್ಷಣೆಗೆ ಅರ್ಹವೆಂದು ಸ್ಪಷ್ಟಪಡಿಸಿತು. ವೀಸಾದ ಮೇಲೆ ದುಡಿಯುವವರಿಗೂ ಈ ರಕ್ಷಣೆಯುಂಟು.

ನಾನು ಕೇಳಿದ್ದು ಅಲ್ಪವೇ: ಕಣ್ಣಿಗೆ ರಾಚುವ ದೀಪದ ಕೆಳಗಿನಿಂದ ಮೇಜಿನ ಸ್ಥಳಾಂತರ; ವಾರಕ್ಕೆ ಎರಡಕ್ಕಿಂತ ಹೆಚ್ಚು ರಾತ್ರಿ ಸಭೆ ಬೇಡ; ನೋವಿನ ದಿನ ಮನೆಯಿಂದ ಕೆಲಸ. ಪ್ರತಿ ಮುಖ್ಯ ವರದಿಯನ್ನೂ ತಂಡದ ಇನ್ನೊಬ್ಬರು ಒಪ್ಪಿಸಬಲ್ಲಂತೆ ಸಿದ್ಧಗೊಳಿಸಿದೆ. ತಲೆ ಮಂಕಾದ ದಿನ ಮಾಡಬಹುದಾದ ಸಣ್ಣ ಕೆಲಸಗಳ ಪಟ್ಟಿಯನ್ನು ಬೇರೆಯಾಗಿಟ್ಟೆ. ಇದರಿಂದ ಎಲ್ಲವೂ ಸುಗಮವಾಯಿತೆಂದರೆ ಸುಳ್ಳಾದೀತು. ಮೇಲಧಿಕಾರಿಯೊಬ್ಬರು ನನ್ನನ್ನು ದೊಡ್ಡ ಯೋಜನೆಗಳಿಂದ ಮೆಲ್ಲಗೆ ದೂರವಿಟ್ಟರು. ಸದಾ ಪ್ರಯಾಣ ಬೇಡುವ ಡೈರೆಕ್ಟರ್ ಹುದ್ದೆಯನ್ನು ನಾನೇ ಬೇಡವೆಂದೆ. ಆ ಕೊರಗು ಇಂದಿಗೂ ಸ್ವಲ್ಪ ಇದೆ. ಆದರೆ ಹಾಗೆ ಮುಂದುವರಿದಿದ್ದರೆ ಇದ್ದ ಹುದ್ದೆಯೂ ಉಳಿಯುತ್ತಿರಲಿಲ್ಲ.

ಮನೆಯವರಿಗೊಂದು ಮಾತು

‘ತಲೆನೋವು ಯಾರಿಗೆ ಬರುವುದಿಲ್ಲ?’ ಎಂದು ಕೇಳಬೇಡಿರಿ. ಉಪವಾಸವನ್ನು ಒತ್ತಾಯಿಸಬೇಡಿರಿ. ಊದುಬತ್ತಿಯ ಘಾಟು ತಡೆಯಲಾರೆನೆಂದವರನ್ನು ಭಕ್ತಿಯಿಲ್ಲದವರೆಂದು ತಿಳಿಯಬೇಡಿರಿ. ನೋವಿನ ದಿನ ಒಂದು ಲೋಟ ನೀರಿಟ್ಟು, ಕಿಟಕಿಯ ಪರದೆ ಎಳೆದು, ಬಾಗಿಲು ಮುಂದೆ ಮಾಡಿ ಹೋದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ನನ್ನ ಮಗಳಿಗೂ ಈ ಕಾಯಿಲೆ ಬಂದಿದೆ. ಅವಳು ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಮೇಲಧಿಕಾರಿಗೆ ತಿಳಿಸಿದಳು. ಮಾತ್ರೆಯ ದಿನಗಳನ್ನು ಗುರುತಿಟ್ಟುಕೊಳ್ಳುತ್ತಾಳೆ. ಇದನ್ನು ಊರಿಗೆ ಫೋನ್ ಮಾಡಿ ಹೇಳಿದಾಗ ಎಂಬತ್ತು ದಾಟಿದ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೂ ಇದೇ ಇತ್ತಲ್ಲವೇನೇ?’ ಎಂದರು. ‘ಹೌದಮ್ಮ, ಇದೇ’ ಎಂದೆ.