ಕುಬ್ಜವೃಕ್ಷಕ್ಕೆ ಹಾವಸೆಯ ಹೊದಿಕೆ ಬೇಕೇ?

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಅಥವಾ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಉದ್ಯಾನದಲ್ಲಿ ಬೋನ್ಸಾಯ್ ಮರಗಳನ್ನು ಕಂಡವರಿಗೆ ಅಂಥದೊಂದು ತಮ್ಮ ಮನೆಯಲ್ಲೂ ಇರಲಿ ಎನಿಸುವುದು ಸಹಜ. ಅಂಗೈಯಗಲದ ಕುಂಡ, ಅದರಲ್ಲೊಂದು ಪುಟ್ಟ ಆಲ, ಬುಡದಲ್ಲಿ ಹಸಿರು ಹಾವಸೆಯ ಹಾಸು. ಇದಕ್ಕೆ ಮನಸೋಲದವರು ಕಡಿಮೆ. ಆದರೆ ಮಲಪ್ರಭೆಯ ದಂಡೆಯಲ್ಲಿರುವ ರೋಣ ತಾಲ್ಲೂಕಿನ ಹೊಳೆಆಲೂರಿನಂಥ ಬಯಲುಸೀಮೆಯ ಊರಿನಲ್ಲಿ ಈ ಹವ್ಯಾಸಕ್ಕೆ ತೊಡಗುವವರು ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಈ ಹಾವಸೆ ಗಿಡದ ಹಿತಕ್ಕೋ, ನಮ್ಮ ಕಣ್ಣಿನ ಹಿತಕ್ಕೋ?

ಚೀನಾದಲ್ಲಿ ಹುಟ್ಟಿದ ಈ ಕಲೆ ಇಂದಿನ ರೂಪ ತಳೆದದ್ದು ಜಪಾನಿನಲ್ಲಿ. 1923ರ ಮಹಾಭೂಕಂಪದ ನಂತರ ಟೋಕಿಯೊ ತೊರೆದ ಬೆಳೆಗಾರರು ಸಮೀಪದ ಒಮಿಯಾದಲ್ಲಿ 1925ರಲ್ಲಿ ಬೋನ್ಸಾಯ್ ಗ್ರಾಮವನ್ನೇ ಕಟ್ಟಿಕೊಂಡರು. ಟೋಕಿಯೊದಲ್ಲಿ ವರ್ಷಕ್ಕೆ 1,500 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ನಮ್ಮ ರೋಣ ಸೀಮೆಯ ಪಾಲು 600ರ ಆಸುಪಾಸು. ಬೇಸಿಗೆಯ ತಾಪವಂತೂ 40 ಡಿಗ್ರಿಯನ್ನು ಸಮೀಪಿಸುತ್ತದೆ. ಅಲ್ಲಿ ತಾನಾಗಿ ಹಬ್ಬುವ ಹಾವಸೆಯನ್ನು ಇಲ್ಲಿ ವರ್ಷವಿಡೀ ಹಸಿರಾಗಿಡಲು ಹೊರಟರೆ ಅದರ ಬೆಲೆಯನ್ನು ತೆರುವುದು ಗಿಡದ ಬೇರು.

ಹಾವಸೆಗೆ ನಿಜವಾದ ಬೇರುಗಳಿಲ್ಲ. ಅದು ಮೈಯಿಂದಲೇ ನೀರು ಹೀರುತ್ತದೆ. ನೀರುಣಿಸುವಾಗ ಮಣ್ಣು ಕೊಚ್ಚಿಹೋಗದಂತೆ ತಡೆಯುವುದು ಅದರ ಉಪಕಾರ. ಆದರೆ ದಟ್ಟವಾಗಿ ಬೆಳೆದರೆ ಕೆಳಗಿನ ಮಣ್ಣಿನ ಸ್ಥಿತಿಯನ್ನೇ ಮರೆಮಾಚುತ್ತದೆ. ಮೇಲೆ ಚಿಮುಕಿಸಿದ ನೀರಿಗೆ ಹಾವಸೆ ನಳನಳಿಸುತ್ತಿದ್ದರೂ ಅಡಿಯಲ್ಲಿ ಬೇರು ಒಣಗುತ್ತಿರಬಹುದು. ಹೊಸಬರ ಗಿಡಗಳು ಸಾಯುವುದಕ್ಕೆ ಇದೂ ಒಂದು ಕಾರಣ. ಕಾಂಡಕ್ಕೆ ಅಂಟಿಕೊಂಡ ಹಾವಸೆ ತೊಗಟೆಯನ್ನು ಸದಾ ತೇವವಾಗಿಟ್ಟು ಕೊಳೆಸುವುದೂ ಉಂಟು.

ಆದ್ದರಿಂದ ಮೊದಲ ಗಮನ ಬೇರಿಗೆ ಸಲ್ಲಬೇಕು. ತಂಪು ನಾಡಿನ ಜೂನಿಪರ್‌ಗಿಂತ ಈ ಬಿಸಿಲನ್ನು ಬಲ್ಲ ಆಲ, ಬಸರಿ, ಅತ್ತಿ, ಹುಣಸೆಗಳು ಲೇಸು. ಇದೇ ರೈಲು ಮಾರ್ಗದ ಬಾದಾಮಿಯಲ್ಲಿ ಬಂಡೆಯ ಬಿರುಕಿನಲ್ಲೇ ಬೇರೂರಿದ ಗಿಡಗಳನ್ನು ನೋಡಿದವರಿಗೆ ಇವುಗಳ ಗಟ್ಟಿತನ ಗೊತ್ತು. ಜೋಳ, ಕಡಲೆಗೆ ವರವಾದ ನಮ್ಮ ಎರೆಮಣ್ಣು ಕುಂಡಕ್ಕೆ ಸಲ್ಲದು. ತೇವದಲ್ಲಿ ಉಬ್ಬಿ, ಒಣಗಿದಾಗ ಬಿರಿದು ಎಳೆಬೇರುಗಳನ್ನು ಹರಿಯುತ್ತದೆ. ಜರಡಿ ಹಿಡಿದ ಗರಸು, ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪ ಹಳೆಯ ಗೊಬ್ಬರದ ಮಿಶ್ರಣ ಉತ್ತಮ. ನೀರಿಗೆ ದಿನಕ್ಕೆ ಇಷ್ಟು ಸಲವೆಂಬ ನಿಯಮವಿಲ್ಲ. ಬೆರಳನ್ನು ಅರ್ಧ ಅಂಗುಲ ಮಣ್ಣಿಗಿಳಿಸಿ ನೋಡುವುದೇ ಅಳತೆ. ಮೇಲ್ಮಣ್ಣು ಒಣಗಿದ್ದರೆ, ತಳದ ರಂಧ್ರದಿಂದ ಹೊರಬರುವಷ್ಟು ನೀರು ಕೊಡಬೇಕು. ಒಂದೆರಡು ವರ್ಷಕ್ಕೊಮ್ಮೆ, ಮುಂಗಾರಿನ ಆರಂಭದಲ್ಲಿ, ಬೇರಿನ ಮೂರನೆಯ ಒಂದು ಭಾಗದಷ್ಟನ್ನು ಸವರಿ ಹೊಸ ಮಣ್ಣು ತುಂಬುವುದು ವಿಹಿತ.

ಹಾವಸೆ ಬೇಕೆನ್ನುವವರು ಅದನ್ನು ಋತುವಿನ ಅತಿಥಿಯಂತೆ ಕಾಣಲಿ. ಶ್ರಾವಣದಲ್ಲಿ ಹಿತ್ತಿಲ ಗೋಡೆಯ ನೆರಳಿನಲ್ಲಿ ಹಬ್ಬಿದ್ದನ್ನು ಕೆರೆದು, ನೆರಳಲ್ಲಿ ಒಣಗಿಸಿ, ಪುಡಿಮಾಡಿ ತೇವದ ಮಣ್ಣಿನ ಮೇಲೆ ಉದುರಿಸಿದರೆ ಕೆಲವು ವಾರಗಳಲ್ಲಿ ಚಿಗುರುತ್ತದೆ. ಕುಂಡದ ಅರ್ಧವನ್ನು ಮಾತ್ರ ಹೊದಿಸಿ, ಬುಡದ ಸುತ್ತ ಎರಡು ಬೆರಳಗಲ ಬಯಲಾಗಿ ಬಿಡಬೇಕು. ಗಡುಸಾದ ಕೊಳವೆಬಾವಿ ನೀರು ಬಿಳಿಯ ಉಪ್ಪನ್ನು ಉಳಿಸಿ ಅದನ್ನು ಕಂದಿಸುತ್ತದೆ. ಹಿಡಿದಿಟ್ಟ ಮಳೆನೀರು ಶ್ರೇಷ್ಠ. ಶಿವರಾತ್ರಿಯ ಹೊತ್ತಿಗೆ ಅದನ್ನು ತೆಗೆದಿಟ್ಟರೆ ನಷ್ಟವೇನಿಲ್ಲ. ಒಣಗಿದ ಹಾವಸೆ ಮುಂದಿನ ಮಳೆಗೆ ಮತ್ತೆ ಜೀವ ತಳೆಯಬಲ್ಲದು. ಇದಕ್ಕಾಗಿ ಮಲೆನಾಡಿನ ಬಂಡೆ, ಮರಗಳ ಮೈ ಸುಲಿಯುವ ಅಗತ್ಯ ಖಂಡಿತ ಇಲ್ಲ.

ಆಯವ್ಯಯದ ಭಾಷೆಯಲ್ಲಿ ಹೇಳುವುದಾದರೆ, ಗಿಡ ಕೊಳ್ಳುವ ಹಣ ಬಂಡವಾಳ ವೆಚ್ಚ. ನಿತ್ಯದ ಆರೈಕೆ ನಿರ್ವಹಣಾ ವೆಚ್ಚ. ಕಟ್ಟಡ ಮಂಜೂರು ಮಾಡಿ ನಿರ್ವಹಣೆಗೆ ಹಣವಿಡದ ಯೋಜನೆಗಳ ಗತಿ ಎಲ್ಲರಿಗೂ ತಿಳಿದದ್ದೇ. ನೆಲದ ಮರ ಆಳಕ್ಕೆ ಬೇರು ಬಿಟ್ಟು ಬರವನ್ನು ತಾಳುತ್ತದೆ. ನಾವು ಬೇರು ಕತ್ತರಿಸಿ ಕುಂಡದಲ್ಲಿಟ್ಟ ಮರಕ್ಕೆ ಆ ದಾರಿಯಿಲ್ಲ. ಏಪ್ರಿಲ್ ತಿಂಗಳಲ್ಲಿ ಮನೆಗೆ ಬೀಗ ಹಾಕಿ ನಾಲ್ಕು ದಿನ ಮಕ್ಕಳ ಊರಿಗೆ ಹೋಗುವವರು ಕೀಲಿಯ ಜೊತೆಗೆ ನೀರಿನ ಹೊಣೆಯನ್ನೂ ನೆರೆಯವರಿಗೆ ಒಪ್ಪಿಸಿ ಹೋಗಬೇಕು. ಅಂಥ ನೆರೆಯವರು ಇಲ್ಲದಿದ್ದರೆ ಆ ಸಸಿಯನ್ನು ಹಿತ್ತಿಲ ನೆಲದಲ್ಲೇ ನೆಡುವುದು ಒಳಿತು.