ಉಮ್ಮನ ಮದುವೆ ಸೀರೆಗೆ ಕತ್ತರಿ ಹಾಕುವ ಮುನ್ನ

ಶಿಕಾರಿಪುರ, ಸೊರಬ ಕಡೆಯ ನಮ್ಮ ಮನೆಗಳಲ್ಲಿ ಮಗಳ ನಿಕಾಹ್ ನಿಶ್ಚಯವಾದರೆ ಕಪಾಟಿನ ತಳದಿಂದ ಒಂದು ಗಂಟು ಮೇಲೆ ಬರುತ್ತದೆ. ಉಮ್ಮನದೋ ಅಜ್ಜಿಯದೋ ಮದುವೆ ಸೀರೆ. ಬಿಚ್ಚಿದರೆ ಮಡಿಕೆಯುದ್ದಕ್ಕೂ ಬಿರುಕು, ಜರಿಯೆಲ್ಲ ಕಪ್ಪು. ‘ಇದನ್ನಿಟ್ಟು ಏನ್ ಮಾಡೋದು, ಜರಿಯವನಿಗೆ ಕೊಟ್ಟುಬಿಡಿ’ ಎಂಬ ಮಾತೂ ಅಲ್ಲೇ ಬರುತ್ತದೆ.

ಅಸಲಿ ಜರಿ ಎಂದರೆ ರೇಷ್ಮೆ ಎಳೆಗೆ ಸುತ್ತಿದ ಬೆಳ್ಳಿ, ಅದರ ಮೇಲೆ ಚಿನ್ನದ ತೆಳು ಲೇಪ. ಹಳೆ ಸೀರೆ ಕೊಳ್ಳುವವರು ಅದನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ನಮಗೆ ಸಿಗುವುದು ಲೋಹದ ಬೆಲೆ ಮಾತ್ರ. ನೇಯ್ಗೆಗೂ ನೆನಪಿಗೂ ಆ ತಕ್ಕಡಿಯಲ್ಲಿ ತೂಕವಿಲ್ಲ.

ಹಾಗಾಗಿ ಮೊದಲು ಸೀರೆಯನ್ನು ಬೆಳಕಿಗೆ ಹಿಡಿದು ನೋಡೋಣ. ಬಿರುಕು ಮಡಿಕೆಯಲ್ಲಷ್ಟೇ ಇದ್ದರೆ, ಹಿಂದಿನಿಂದ ತೆಳು ಬಟ್ಟೆಯ ಆಸರೆ ಕೊಟ್ಟು ರಫೂ ಮಾಡಿಸಬಹುದು. ಮುಟ್ಟಿದರೆ ಹರಿಯುವಂತಿದ್ದರೆ ಉಡುವ ಆಸೆ ಬಿಡಬೇಕು. ಆಗಲೂ ಅಂಚು, ಸೆರಗು ಗಟ್ಟಿಯಿದ್ದರೆ ಬಿಚ್ಚಿಸಿ ಮದುಮಗಳ ದುಪಟ್ಟಾಕ್ಕೋ ಕುಪ್ಪಾಯದ ತೋಳಿಗೋ ಕೂರಿಸಬಹುದು. ಟೈಲರ್‌ಗೆ ಮೂರು ಮಾತು ಹೇಳಿ: ಒಳಗೆ ಹತ್ತಿಯ ಅಸ್ತರ್ ಇರಲಿ, ಹಳೆ ರೇಷ್ಮೆ ಮೇಲೆ ಭಾರದ ಕಲ್ಲು ಬೇಡ, ಹೊಲಿಗೆಯೊಳಗೆ ಬಟ್ಟೆ ಬಿಡಿ. ಮುಂದೆ ತಂಗಿಗೂ ಬಿಚ್ಚಿ ಹೊಲಿಸಲು ಬರಬೇಕಲ್ಲ.

ಇಬ್ಬರು ಮೂವರು ಹೆಣ್ಣುಮಕ್ಕಳಿರುವ ಮನೆಯಲ್ಲಿ ಸೀರೆ ಯಾರಿಗೆ ಎಂಬುದು ಸಣ್ಣ ಮಾತಲ್ಲ. ಇಡಿಯಾಗಿದ್ದರೆ ಸರದಿಯಂತೆ ಎಲ್ಲರೂ ಉಡಬಹುದು. ಒಬ್ಬಳ ಅಳತೆಗೆ ಕತ್ತರಿಸಿದರೆ ಉಳಿದವರಿಗೆ ತುಂಡು ಮಾತ್ರ. ಆದ್ದರಿಂದ ಉಮ್ಮನನ್ನು ಕೇಳದೆ, ಮಕ್ಕಳನ್ನೆಲ್ಲ ಕೂರಿಸಿ ಮಾತಾಡದೆ ಕತ್ತರಿ ಎತ್ತುವುದು ಬೇಡ. ಉಮ್ಮ ‘ಬೇಡ’ ಎಂದರೆ ಅಲ್ಲಿಗೆ ಮುಗಿಯಿತು.

ಗಟ್ಟಿಯಿರುವ ಸೀರೆಗೆ ದೊಡ್ಡ ಶತ್ರು ನಮ್ಮ ಮಲೆನಾಡಿನ ಮಳೆಗಾಲವೇ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಲ್ಲುತ್ತದೆ, ಬೂಸ್ಟು ಹಿಡಿಯುತ್ತದೆ. ಒಗೆದು ಒಗೆದು ಮೆತ್ತಗಾದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಜರಿಗೆ ತಾಗದಿರಲಿ. ಮೈಗೆ ಹಾಕಿದ ಅತ್ತರು ಸೀರೆಯ ಮೇಲೆ ಬೀಳದಿರಲಿ. ಸೊರಬದ ಗುಡಿಗಾರರು ಕೆತ್ತಿದ ಗಂಧದ ಪೆಟ್ಟಿಗೆ ಮನೆಯಲ್ಲಿದ್ದರೂ, ಮರದ ಎಣ್ಣೆ ರೇಷ್ಮೆಗೆ ಹತ್ತದಂತೆ ಒಳಗೆ ಬಟ್ಟೆ ಹಾಸಬೇಕು. ಮೂರು ತಿಂಗಳಿಗೊಮ್ಮೆ ತೆಗೆದು, ನೆರಳಲ್ಲಿ ಗಾಳಿಗೆ ಹರಡಿ, ಹಳೆ ಗೆರೆ ಬಿಟ್ಟು ಬೇರೆ ಕಡೆ ಮಡಿಸಿ. ರೇಷ್ಮೆ ಹರಿಯುವುದು ಉಟ್ಟಿದ್ದಕ್ಕಿಂತ ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದಕ್ಕೇ ಹೆಚ್ಚು.

ಇಷ್ಟಾಗಿಯೂ ಕತ್ತರಿಸಲೇಬೇಕೆಂದರೆ, ಹಿಂದಿನ ದಿನ ಉಮ್ಮನ ಹೆಗಲ ಮೇಲೆ ಆ ಸೆರಗು ಹೊದಿಸಿ ಒಂದು ಫೋಟೊ ತೆಗೆದಿಡಿ. ಆ ಸೀರೆ ಎಲ್ಲಿಂದ ಬಂತು, ಯಾರು ತಂದುಕೊಟ್ಟರು ಎಂದು ಕೇಳಿ, ಮಗಳ ಕೈಯಲ್ಲೇ ಬರೆಸಿಡಿ.